ಹಂಸಿನಿಯ ಹೊರಡುವ ಕಾಗದ

ನಮ್ಮೂರಿನಲ್ಲಿ ಸತ್ತವರು ಕೂತುಕೊಳ್ಳುತ್ತಾರೆ. ಕೊನೆಯುಸಿರು ಎಳೆದ ಕೋಣೆಯಲ್ಲೇ, ಕುರ್ಚಿಯೋ ಮಣೆಯೋ ಮಂಚದ ಅಂಚೋ ಯಾವುದು ಹತ್ತಿರವಿತ್ತೋ ಅದರ ಮೇಲೆ, ಹೊರಡುವ ಕಾಗದ ಒಪ್ಪಿಗೆಯಾಗುವವರೆಗೂ ಕೂತಿರುತ್ತಾರೆ. ಉಣ್ಣುವುದಿಲ್ಲ, ಮಾತಾಡುವುದಿಲ್ಲ, ವಾಸನೆ ಬರುವುದಿಲ್ಲ. ಮನೆಯವರು ಬೆಳಿಗ್ಗೆ ಕಸ ಗುಡಿಸಿದ ಮೇಲೆ ಅವರ ಮೈಮೇಲಿನ ಧೂಳನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಬಂದ ನೆಂಟರು ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಅವರಿಗೆ ಕೈಮುಗಿದು ಆಮೇಲೆ ಕಾಫಿಗೆ ಕೂರುತ್ತಾರೆ. ನಾವು ಅವರನ್ನು ಕೂತವರು ಎನ್ನುತ್ತೇವೆ.

ಹೊರಡುವ ಕಾಗದ ಇಂಗ್ಲಿಷಿನಲ್ಲಿರಬೇಕು. ಸತ್ತವರು ಯಾರು, ಹೇಗೆ ಬದುಕಿದರು ಎಂದು ಒಂದು ಪುಟದಲ್ಲಿ ಬರೆದು ಸಂಜೆ ಕೋಟೆಗೋಡೆಯ ಕಿಟಕಿಯಲ್ಲಿ ಇಟ್ಟು ಬರಬೇಕು. ಆ ಗೋಡೆಯ ಹಿಂಬದಿಗೆ ಹೋಗಿ ನೋಡಿದರೆ ಅಲ್ಲಿ ಕಿಟಕಿಯೇ ಇಲ್ಲ. ಹಾವಸೆ ಹಿಡಿದ ಬರೀ ಕಲ್ಲು. ಬೆಳಿಗ್ಗೆ ಕಾಗದ ಇಟ್ಟಲ್ಲೇ ಇದ್ದರೆ ವಾಪಸು ಬಂತು ಎಂದು ಅರ್ಥ. ಇರದಿದ್ದರೆ, ಮನೆಗೆ ಓಡಿ ಬಂದು ನೋಡುವಷ್ಟರಲ್ಲಿ ಕೂತವರ ಜಾಗ ಖಾಲಿಯಾಗಿರುತ್ತದೆ. ವಾಪಸು ಬಂದ ಕಾಗದದ ಮೇಲೆ ಒಂದು ಚುಕ್ಕೆಯ ಗುರುತೂ ಇರುವುದಿಲ್ಲ. ಆದರೂ ಕಾರಣ ಊರಿಗೆಲ್ಲ ಗೊತ್ತು: ಇಂಗ್ಲಿಷ್ ತಪ್ಪಾಗಿದೆ. ನನ್ನ ಅಜ್ಜ ಹಾಗೆನ್ನುತ್ತಿದ್ದ. ಅದಕ್ಕೇ ಇಲ್ಲಿ ಎಲ್ಲರ ಮನೆಯಲ್ಲೂ ಪಂಚಾಂಗದ ಪಕ್ಕ ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದು ಇರುತ್ತದೆ. ಒಪ್ಪಿಗೆಯಾದ ಕಾಗದದ ಪ್ರತಿಯನ್ನು ಕಟ್ಟು ಹಾಕಿಸಿ, ಬೇರೆ ಊರುಗಳಲ್ಲಿ ಫೋಟೋ ತೂಗುಹಾಕುವ ಜಾಗದಲ್ಲಿ ತೂಗುಹಾಕಿ ಹಾರ ಹಾಕುತ್ತೇವೆ.

ಕಾಗದವನ್ನು ಮನೆಯವರೇ ಬರೆಯಬೇಕು, ತಿದ್ದುವವರು ಹೊರಗಿನವರಾಗಬಹುದು. ಬಹಳ ವರ್ಷ ಹೈಸ್ಕೂಲಿನ ವಿನ್ಸೆಂಟ್ ಮೇಷ್ಟ್ರು ಇಡೀ ಊರಿನ ಕಾಗದ ತಿದ್ದಿದರು. ಅವರ ಕಣ್ಣಿಗೆ ಪೊರೆ ಬಂದು ಮಗಳ ಊರಿಗೆ ಹೋದ ಮೇಲೆ ಕೂತವರು ಹೆಚ್ಚಾಗಿದ್ದಾರೆ ಎಂದು ಜನ ಹೇಳತೊಡಗಿದರು. ಹೆಚ್ಚಾಗಿದ್ದರೋ ಇಲ್ಲವೋ, ಎಣಿಸಿ ನೋಡಿದವರು ಯಾರೂ ಇರಲಿಲ್ಲ. ವಾಚನಾಲಯದ ಸಮಿತಿ ಸೇರಿ, ಇಂಟರ್‌ನೆಟ್ಟಿನಲ್ಲಿ ಇಂಗ್ಲಿಷ್ ತಿದ್ದಿಕೊಡುವ ಸಾಧನಗಳಿವೆಯಂತೆ, ಅದರಲ್ಲಿ ಒಳ್ಳೆಯದೊಂದನ್ನು ಊರಿಗಾಗಿ ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿತು. ಯಾವುದು ಒಳ್ಳೆಯದೆಂದು ನೋಡಿ ಹೇಳುವ ಕೆಲಸ ನನ್ನ ತಲೆಗೆ ಬಂತು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆ ನೋಡಿಕೊಂಡು ನಿವೃತ್ತನಾದವನು. ಊರಿನವರಿಗೆ ಲ್ಯಾಬ್ ಸಾರ್. ನನ್ನ ಇಂಗ್ಲಿಷ್ ಅಂಥದ್ದೇನಲ್ಲ ಎಂದಾಗ ಸಮಿತಿಯ ಅಧ್ಯಕ್ಷ, ಸೋಡಾ ಫ್ಯಾಕ್ಟರಿಯ ಗುರುನಂಜಪ್ಪ, ಕೈ ಅಡ್ಡ ಆಡಿಸಿದ. "ಇಂಗ್ಲಿಷ್ ಬಲ್ಲೋರು ಬ್ಯಾಡ ಸಾರ್. ಅವರು ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಒಪ್ಪಲ್ಲ. ನೀವು ಸೈನ್ಸಿನೋರು. ಅಳೆದು ತೂಗಿ ಇದು ಅಂತ ಒಂದು ಹೇಳಿಬಿಡಿ, ಮುಗೀತು."

ವಾಚನಾಲಯದ ಕಂಪ್ಯೂಟರ್ ನೋಡಿಕೊಳ್ಳುವ ನಸೀಮಾಳ ಜೊತೆ ಕೂತು ಹುಡುಕಿದೆ. ಇಂಥ ಸಾಧನಗಳು ಲೆಕ್ಕವಿಲ್ಲದಷ್ಟು ಇದ್ದವು. ಎಲ್ಲವೂ ತಾವೇ ಉತ್ತಮವೆಂದು ಹೇಳಿಕೊಳ್ಳುತ್ತಿದ್ದವು. ಬಿಡುವಂಥವನ್ನು ಬಿಡುತ್ತ ಬಂದು ಕೊನೆಗೆ ಮೂರನ್ನು ಉಳಿಸಿಕೊಂಡೆವು. ಅವುಗಳ ಹೆಸರು ನನ್ನ ಬಾಯಿಗೆ ಹಿಡಿಯದ್ದರಿಂದ ನಸೀಮಾ ತಾನೇ ನಾಮಕರಣ ಮಾಡಿದಳು. ಒಂದು, ನಿಮ್ಮ ಕಾಗದದಲ್ಲಿ ಇಷ್ಟು ತಪ್ಪಿದೆ ಎಂದು ಹೇಳಿ, ಎಲ್ಲಿದೆ ಎಂದು ತೋರಿಸಲು ದುಡ್ಡು ಕೇಳುತ್ತಿತ್ತು. "ಇದು ಜಿಪುಣ ಸಾರ್. ಬೀಗದ ಕೈ ಗೊಂಚಲು ಅಲ್ಲಾಡಿಸ್ತದೆ, ಬೀರು ತೆಗೆಯಲ್ಲ." ಇನ್ನೊಂದು, ಏನು ಹಾಕಿದರೂ ತನ್ನದೇ ಮಾತಿನಲ್ಲಿ ನುಣ್ಣಗೆ ಬರೆದುಕೊಡುತ್ತಿತ್ತು; ಯಾರದೋ ಸೋದರಮಾವನ ಕಾಗದವನ್ನೂ ಇನ್ಯಾರದೋ ಬಾಣಂತಿ ಮಗಳ ಕಾಗದವನ್ನೂ ಹಾಕಿದರೆ ಎರಡೂ ಒಂದೇ ಥರ ಹೊರಬಂದವು. "ಇದು ಪುರೋಹಿತ. ಮದುವೆಗೂ ಅದೇ ರಾಗ, ತಿಥಿಗೂ ಅದೇ ರಾಗ." ಮೂರನೆಯದು ಸಾಲುಸಾಲಿನ ಕೆಳಗೂ ಕೆಂಪು ಗೆರೆ ಎಳೆಯುತ್ತಿತ್ತು. ಗೆರೆಯ ಮೇಲೆ ಒತ್ತಿದರೆ ಬದಿಯಲ್ಲಿ ಕಾರಣವನ್ನೂ ಕೊಡುತ್ತಿತ್ತು.

"ಇದಕ್ಕೇನು ಹೆಸರಮ್ಮಾ?"

"ಕೇಳಬೇಕಾ ಸಾರ್? ಅತ್ತೆ."

ಮೊದಲ ದಿನಗಳಲ್ಲಿ ನನಗೆ ಈ ಕೆಲಸ ಖುಷಿಯನ್ನೇ ಕೊಟ್ಟಿತು. ಗೊತ್ತಿರುವ ತಪ್ಪುಗಳನ್ನು ಬೇಕೆಂದೇ ಹಾಕಿದ ವಾಕ್ಯಗಳನ್ನು ಬರೆದುಕೊಂಡು ಮೂರಕ್ಕೂ ಕೊಟ್ಟೆ. ಯಾವುದು ಯಾವುದನ್ನು ಹಿಡಿಯಿತು, ಯಾವುದು ಸರಿಯಾದದ್ದನ್ನೂ ತಪ್ಪೆಂದಿತು ಎಂದು ಗುರುತು ಮಾಡಿಕೊಂಡೆ. ಬ್ರಿಟಿಷ್ ರೂಢಿಯೋ ಅಮೆರಿಕದ ರೂಢಿಯೋ, ನಮ್ಮ ಕಾಗದಗಳು ಅವರ ಕಂಪ್ಯೂಟರಿನಲ್ಲಿ ಉಳಿದುಬಿಡುತ್ತವೆಯೋ, ಹೀಗೆ ನೋಡಬೇಕಾದದ್ದು ಬಹಳ ಇತ್ತು. ಸುಗುಣ ಬರುವವರೆಗೆ ಅದು ನನಗೆ ಪ್ರಯೋಗಶಾಲೆಗೆ ಪಿಪೆಟ್ಟು ಬ್ಯುರೆಟ್ಟಿನಂಥ ಗಾಜಿನ ಕೊಳವೆಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ನೋಡುವಂಥದೇ ಕೆಲಸವಾಗಿತ್ತು.

ಸುಗುಣ ನಮ್ಮ ಬೀದಿಯ ಟೈಲರ್. ಬ್ಲೌಸು, ಫಾಲು, ಶಾಲೆಯ ಯೂನಿಫಾರಂ ಹೊಲಿಯುತ್ತಾಳೆ. ಅವಳ ಮಗಳು ಹಂಸಿನಿ ಜ್ವರ ಬಂದು ತೀರಿಕೊಂಡು, ಹೊಲಿಗೆಯಂತ್ರದ ಪಕ್ಕದ ಪುಟ್ಟ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಜೊತೆ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಈಗ ಯೂನಿಫಾರಂ ಅಳತೆ ಕೊಡಲು ಬಂದರೆ ಅವಳಿಗಿಂತ ಒಂದು ಗೇಣು ಎತ್ತರ ಇರುತ್ತಾರೆ. ಅವರ ಅಳತೆ ತೆಗೆಯುವಾಗ ಸುಗುಣ ಟೇಪನ್ನು ಹಂಸಿನಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಹಿಡಿಯುತ್ತಾಳೆ ಎಂದು ಬೀದಿಯವರು ಹೇಳುತ್ತಾರೆ. ಗಂಡ ಲಾರಿ ಡ್ರೈವರ್. ಮಗಳ ಎದುರು ಊಟ ಇಳಿಯುವುದಿಲ್ಲವೆಂದು ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದ.

ಕೂತವರ ಕತ್ತು ದಿನ ಕಳೆದಂತೆ ಬಾಗುತ್ತದೆ. ಮೊದಲು ಕಿಟಕಿಯನ್ನೋ ಬಾಗಿಲನ್ನೋ ನೋಡುತ್ತಿದ್ದವರು ಆಮೇಲೆ ನೆಲ ನೋಡುತ್ತಾರೆ, ಆಮೇಲೆ ತಮ್ಮ ಮಡಿಲು ನೋಡುತ್ತಾರೆ. ಗಲ್ಲ ಎದೆಗೆ ತಾಗಿಬಿಟ್ಟರೆ, ನಂತರ ಕಾಗದ ಒಪ್ಪಿಗೆಯಾದರೂ ಏಳುವುದಿಲ್ಲ. ಅಂಥವರು ಕೆಲವು ಹಳೆಯ ಮನೆಗಳ ಒಳಕೋಣೆಗಳಲ್ಲಿ ಗೋಡೆಗೆ ಮುಖ ಮಾಡಿ ಇದ್ದಾರೆ. ಅವರ ಧೂಳು ಒರೆಸುವುದನ್ನೂ ಮನೆಯವರು ಬಿಟ್ಟಿರುತ್ತಾರೆ. ಯಾರೂ ಆ ಬಗ್ಗೆ ಕೇಳುವುದಿಲ್ಲ.

"ಎರಡು ಬೆರಳು ತೂರ್ತಿತ್ತು ಸಾರ್," ಎಂದಳು ಸುಗುಣ, ತನ್ನ ಗಲ್ಲದ ಕೆಳಗೆ ಬೆರಳಿಟ್ಟು ತೋರಿಸುತ್ತ. "ಈಗ ಒಂದೇ. ನಿಮ್ಮ ಮಿಷನ್ನಲ್ಲಿ ನನ್ನ ಕಾಗದ ಒಂದ್ಸಲ ನೋಡ್ತೀರಾ? ಮೀಟಿಂಗ್ ಆಗೋವರೆಗೆ ಕಾಯಕ್ಕೆ ಆಗಲ್ಲ."

ಅವಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳು ಕೂತ ಮೇಲೆ ಇಂಗ್ಲಿಷ್ ಕಲಿಯಲು ಶುರುಮಾಡಿದಳು. ಹೊಲಿಗೆಯ ಗಿರಾಕಿಗಳಾದ ಟೀಚರುಗಳ ಹತ್ತಿರ ಕೂಲಿಯ ಬದಲು ಪಾಠ ಹೇಳಿಸಿಕೊಂಡಳು. ಕಾಗದ ಬರೆದಳು, ವಾಪಸು ಬಂತು, ತಿದ್ದಿ ಇಟ್ಟಳು, ವಾಪಸು ಬಂತು. ವಾಪಸು ಬಂದ ಕಾಗದಗಳನ್ನು ಕೂತವರ ಪೀಠದ ಕೆಳಗೆ ಇಡುವುದು ನಮ್ಮ ರೂಢಿ. ಹಂಸಿನಿಯ ಸ್ಟೂಲಿನ ಕೆಳಗಿದ್ದ ಕಾಗದದ ಕಟ್ಟು ಅವಳ ಜೋಲಾಡುವ ಪಾದಗಳಿಗೆ ತಗಲುವಷ್ಟು ಬೆಳೆದಿತ್ತು.

ನಸೀಮಾ ಕಾಗದವನ್ನು ಟೈಪು ಮಾಡಿ ಅತ್ತೆಗೆ ಕೊಟ್ಟಳು. ಮೊದಲ ಸಾಲಿನಲ್ಲೇ ಕೆಂಪು ಗೆರೆ ಬಿತ್ತು. ಸುಗುಣ ಬಗ್ಗಿ ನೋಡಿದಳು.

"ಅದು ಅವಳ ಹೆಸರಲ್ವಾ?"

"ಹೌದಕ್ಕಾ, ಅದಕ್ಕೆ ನಮ್ಮ ಹೆಸರೆಲ್ಲ ಗೊತ್ತಿರಲ್ಲ. ನನ್ನ ಹೆಸರಿಗೂ ಹಾಕ್ತದೆ. ಅದಕ್ಕೆ ಹೇಳಿಕೊಡಬಹುದು, ನೋಡಿ," ಎಂದು ನಸೀಮಾ ಏನೋ ಒತ್ತಿದಳು. ಗೆರೆ ಮಾಯವಾಯಿತು.

"ಅವಳ ಹೆಸರೇ ತಪ್ಪು ಅಂದ್ಕೊಂಡೆ," ಎಂದಳು ಸುಗುಣ. ನಗಲಿಲ್ಲ.

ಉಳಿದ ಗೆರೆಗಳನ್ನು ಒಂದೊಂದಾಗಿ ನೋಡಿದಳು. ಕಾರಣವನ್ನು ನನ್ನಿಂದ ಓದಿಸಿ, ಅರ್ಥ ಮಾಡಿಕೊಂಡು, ತಾನೇ ತಿದ್ದಿದಳು. ಹೊಲಿಗೆ ಬಿಚ್ಚಿ ಮತ್ತೆ ಹಾಕುವವಳ ತಾಳ್ಮೆ ಅದು. ಆ ಸಂಜೆ ಕಾಗದ ಕಿಟಕಿಗೆ ಹೋಯಿತು. ಬೆಳಿಗ್ಗೆ ಅಲ್ಲೇ ಇತ್ತು.

"ಇನ್ನೂ ಎಲ್ಲೋ ಉಳಿದಿದೆ ಸಾರ್," ಎಂದು ಬಂದಳು. "ನನ್ನ ದಡ್ಡತನಕ್ಕೆ ಮಗು ಕೂತಿದೆ ನೋಡಿ. ಓದಿದೋರ ಹೊಟ್ಟೇಲಿ ಹುಟ್ಟಿದ್ರೆ ಆವತ್ತೇ ಹೋಗಿರ್ತಿತ್ತು."

ಆ ಮಾತು ನನಗೆ ತಾಗಿತು. ನನ್ನ ಹೆಂಡತಿ ವಿಶಾಲೆ ತೀರಿಕೊಂಡಾಗ ನಾನು ಬರೆದ ಕಾಗದ ಮೊದಲ ಸಲಕ್ಕೇ ಒಪ್ಪಿಗೆಯಾಗಿತ್ತು. ಲ್ಯಾಬ್ ಸಾರ್ ಒಂದೇ ರಾತ್ರಿಯಲ್ಲಿ ಕಳಿಸಿಕೊಟ್ಟರು ಎಂದು ಬೀದಿಯಲ್ಲಿ ಆಡಿಕೊಂಡಿದ್ದರು. ದುಃಖದ ನಡುವೆಯೂ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಪ್ರಯೋಗಶಾಲೆಯಲ್ಲಿ ಹುಡುಗರಿಗೆ ನಾನು ಪದೇಪದೇ ಹೇಳುತ್ತಿದ್ದುದು ಒಂದು. ಹೊಸ ವಿಧಾನವನ್ನು ಗೊತ್ತಿಲ್ಲದ ದ್ರಾವಣದ ಮೇಲೆ ಹಾಕುವ ಮೊದಲು ಗೊತ್ತಿರುವುದರ ಮೇಲೆ ಹಾಕಿ ನೋಡಿ. ಈ ಸಾಧನಗಳ ವಿಷಯದಲ್ಲಿ ನಾನೇ ಅದನ್ನು ಮರೆತಿದ್ದೆ. ಗೊತ್ತಿರುವುದೆಂದರೆ ಕಿಟಕಿ ಒಪ್ಪಿದ ಕಾಗದಗಳು. ಅವು ಊರಿನ ಗೋಡೆಗೋಡೆಯ ಮೇಲೂ ಹಾರ ಹಾಕಿಸಿಕೊಂಡು ತೂಗುತ್ತಿದ್ದವು. ಅವುಗಳನ್ನು ಯಾವ ಸಾಧನ ಸರಿ ಎನ್ನುತ್ತದೋ ಅದನ್ನೇ ತೆಗೆದುಕೊಂಡರಾಯಿತು. ಇಷ್ಟು ಸುಲಭವಾದದ್ದು ಮೊದಲೇ ಹೊಳೆಯಲಿಲ್ಲವಲ್ಲ ಎಂದುಕೊಂಡು ಮನೆಮನೆಗೆ ಹೊರಟೆ.

ಮೊದಲು ಗುರುನಂಜಪ್ಪನ ಫ್ಯಾಕ್ಟರಿಗೆ ಹೋದೆ. ಅವನ ತಾಯಿಯ ಕಾಗದ ಗಲ್ಲಾಪೆಟ್ಟಿಗೆಯ ಮೇಲೆಯೇ ಇತ್ತು. ಮಜ್ಜಿಗೆ ಮಾರಿ ಮಕ್ಕಳನ್ನು ಸಾಕಿದ ಹೆಂಗಸು, ಬಾಯಿ ಜೋರು, ಕೈ ಧಾರಾಳ ಎಂದು ಅದರಲ್ಲಿ ಬರೆದಿತ್ತು. ಅದರ ಫೋಟೋ ತೆಗೆದುಕೊಂಡು ಹೋಗಿ ಮೂರರಲ್ಲೂ ಹಾಕಿದೆ. ಜಿಪುಣ ತಪ್ಪುಗಳ ದೊಡ್ಡ ಲೆಕ್ಕ ಹೇಳಿತು. ಪುರೋಹಿತ ಮಜ್ಜಿಗೆಯನ್ನೇ ತೆಗೆದುಹಾಕಿತು. ಅತ್ತೆ ಇಡೀ ಪುಟವನ್ನು ಕೆಂಪು ಮಾಡಿತು. ಹೇಗಿದೆ ನೋಡೋಣವೆಂದು ಬಂದ ಗುರುನಂಜಪ್ಪ ಪರದೆಯ ಮುಂದೆ ನಿಂತು ಕಿಡಿಕಿಡಿಯಾದ.

"ನಮ್ಮವ್ವನ ಕಾಗದಕ್ಕೆ ಗೀಟು ಹಾಕ್ತದಾ ಇದು? ಕಿಟಕಿ ಒಪ್ಪಿದ ಕಾಗದ ಸಾರ್ ಅದು! ಕಿಟಕಿಗಿಂತ ದೊಡ್ಡ ಮನುಷ್ಯನಾ ಇವನು?"

"ಅದನ್ನೇ ನಾನೂ ಯೋಚಿಸ್ತಿದೀನಿ ಗುರುನಂಜಪ್ಪನವರೇ."

ಅವನು ಸ್ವಲ್ಪ ಹೊತ್ತು ಕೆಂಪು ಗೆರೆಗಳನ್ನು ನೋಡುತ್ತ ನಿಂತ. ಮುಖದ ಸಿಟ್ಟು ಇಳಿದು ಗೌರವದಂಥದ್ದು ಬಂತು. "ಆದ್ರೂ ಸಾರ್... ಕಿಟಕಿ ಕಣ್ಣಿಗೇ ಬೀಳದ್ದನ್ನ ಇದು ಹಿಡೀತಲ್ಲ. ಎಷ್ಟು ಚುರುಕು ನೋಡಿ. ಇದನ್ನೇ ಗೊತ್ತು ಮಾಡಿಬಿಡಿ."

"ಮಾವ, ಹಂಗಾದ್ರೆ ನಿಮ್ಮವ್ವನ್ನ ವಾಪಸ್ ಕಳಿಸಿದ್ರೆ?" ಎಂದಳು ನಸೀಮಾ. ಗುರುನಂಜಪ್ಪ ಅವಳ ತಂದೆಯ ಗೆಳೆಯ. ಅವಳು ಅವನನ್ನು ಹಾಗೆ ಕರೆದು ಕೆಣಕುವುದು ಚಿಕ್ಕಂದಿನಿಂದ ನಡೆದುಬಂದದ್ದು.

"ಬಾಯಿ ಮುಚ್ಚೇ. ಅವಳು ಬಂದ್ರೆ ಮೊದಲು ನಿನ್ನ ಜುಟ್ಟು ಹಿಡೀತಾಳೆ."

ಆಮೇಲೆ ಬೇರೆ ಮನೆಗಳ ಕಾಗದಗಳನ್ನು ತಂದೆ. ಕಮ್ಮಾರರ ಮನೆಯದು, ಡಾಕ್ಟರ ಮನೆಯದು, ವಿನ್ಸೆಂಟ್ ಮೇಷ್ಟ್ರ ಹೆಂಡತಿಯದು. ಮೇಷ್ಟ್ರೇ ಬರೆದ ಕಾಗದದ ಕೆಳಗೂ ಗೆರೆ ಬಿತ್ತು. ಗೆರೆ ಎಳೆದದ್ದೇ ತಪ್ಪಿರಬಹುದೆಂದು ಪುಸ್ತಕ ತೆಗೆದು ನೋಡಿದೆ. ಕೆಲವು ಕಡೆ ಅತ್ತೆಯದು ಅತಿಯಾಗಿತ್ತು, ಆದರೆ ಹಲವು ಕಡೆ ತಪ್ಪು ನಿಜವಾಗಿ ಇತ್ತು, ನನ್ನಂಥವನಿಗೂ ಕಾಣುವಂಥದ್ದು. ಕೊನೆಗೆ ನನ್ನ ಮನೆಯ ಗೋಡೆಯಿಂದ ವಿಶಾಲೆಯ ಕಾಗದ ಇಳಿಸಿದೆ. ಅದರಲ್ಲಿ ನಾನು ಮಾಡಿದ್ದ ತಪ್ಪುಗಳನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಇದ್ದವು.

ಇನ್ನೊಂದು ಕಡೆಯಿಂದಲೂ ನೋಡಬೇಕಿತ್ತು. ಕೂತವರ ಮನೆಗಳಿಗೆ ಹೋಗಿ, ಕ್ಷಮೆ ಕೇಳಿ, ಪೀಠದ ಕೆಳಗಿನ ವಾಪಸು ಕಾಗದಗಳನ್ನು ಎರವಲು ತಂದೆ. ಅವುಗಳಲ್ಲಿ ಕೆಲವಕ್ಕೆ ಜಿಪುಣ ಒಂದು ತಪ್ಪನ್ನೂ ಎಣಿಸಲಿಲ್ಲ, ಅತ್ತೆ ಒಂದು ಗೆರೆಯನ್ನೂ ಎಳೆಯಲಿಲ್ಲ. ತಪ್ಪಿದ್ದವು ಹೋಗಿದ್ದವು, ತಪ್ಪಿಲ್ಲದವು ವಾಪಸು ಬಂದಿದ್ದವು. ತಪ್ಪಿದ್ದವೂ ಬಂದಿದ್ದವು, ತಪ್ಪಿಲ್ಲದವೂ ಹೋಗಿದ್ದವು. ಹೇಗೆ ಜೋಡಿಸಿ ನೋಡಿದರೂ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಾಣಲಿಲ್ಲ. ಉದ್ದ, ಅಕ್ಷರ, ಕಾಗದದ ಬಣ್ಣ, ಸತ್ತವರ ವಯಸ್ಸು, ಬರೆದವರ ಓದು, ಯಾವುದಕ್ಕೂ ಇರಲಿಲ್ಲ. ಕಿಟಕಿ ಏನನ್ನು ನೋಡುತ್ತದೋ ನನಗೆ ತಿಳಿಯಲಿಲ್ಲ. ಇಂಗ್ಲಿಷನ್ನು ನೋಡುವುದಿಲ್ಲ ಎಂದು ಮಾತ್ರ ತಿಳಿಯಿತು.

ನಸೀಮಾ ಕಾಗದಗಳನ್ನು ಒಂದೊಂದು ಮನೆಯದನ್ನೂ ಬೇರೆಬೇರೆ ಜೋಡಿಸಿಟ್ಟಳು. ಅವಳ ದಾದಿಯ, ಎಂದರೆ ತಂದೆಯ ತಾಯಿಯ, ಕಾಗದವೂ ನಾನು ನೋಡಿದವುಗಳಲ್ಲಿ ಇತ್ತು. ಆಮೇಲೆ ಕೇಳಿದಳು. "ಸುಗುಣಕ್ಕನಿಗೆ ಹೇಳ್ತೀರಾ ಸಾರ್?"

ಹೇಳಬೇಕೆಂದೇ ನನಗೆ ಅನ್ನಿಸಿತ್ತು. ಮಗುವನ್ನು ಕಟ್ಟಿಹಾಕಿದ್ದು ತನ್ನ ದಡ್ಡತನವೆಂದು ಒಬ್ಬ ತಾಯಿ ನಂಬಿರುವಾಗ, ಹಾಗಲ್ಲವೆಂದು ಗೊತ್ತಿರುವವನು ಸುಮ್ಮನಿರುವುದು ಸರಿಯಲ್ಲ. ಆ ಭಾರವನ್ನು ಇಳಿಸುವ ಅವಕಾಶ ನನ್ನ ಕೈಯಲ್ಲಿದೆ ಎಂಬುದು ಮನಸ್ಸಿಗೆ ಹಿತವಾಗಿಯೂ ಇತ್ತು.

ಮಧ್ಯಾಹ್ನ ಅವಳ ಮನೆಗೆ ಹೋದೆ. ಯಂತ್ರ ತುಳಿಯುತ್ತಿದ್ದಳು.

"ಬನ್ನಿ ಸಾರ್. ಹಂಸೀ, ಲ್ಯಾಬ್ ಸಾರ್ ಬಂದಿದಾರೆ ನೋಡು."

ಎರಡು ಬಣ್ಣದ ತುಂಡು ಬಟ್ಟೆ ಸೇರಿಸಿ ಹೊಲಿದ ಫ್ರಾಕು ಹಾಕಿಕೊಂಡು ಹಂಸಿನಿ ಕೂತಿದ್ದಳು. ಕೂದಲಿಗೆ ಆವತ್ತೇ ಎಣ್ಣೆ ಹಚ್ಚಿ ಬಾಚಿ ರಿಬ್ಬನ್ ಕಟ್ಟಿತ್ತು. ತಲೆ ಎಷ್ಟು ಬಾಗಿತ್ತೆಂದರೆ ನನಗೆ ಬೈತಲೆಯಷ್ಟೇ ಕಂಡಿತು. ಕೈಮುಗಿದೆ. ಆಮೇಲೆ ಕಟಿಂಗ್ ಹಲಗೆಯ ಅಂಚಿನಲ್ಲಿ ಕೂತು, ನಾನು ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಹಾರ ಹಾಕಿದ ಕಾಗದಗಳ ಬಗ್ಗೆ, ಗುರುನಂಜಪ್ಪನ ತಾಯಿಯ ಬಗ್ಗೆ, ವಿಶಾಲೆಯ ಬಗ್ಗೆ. ಅವಳು ತುಳಿಯುತ್ತಲೇ ಕೇಳಿದಳು. ಹೊಲಿಯುತ್ತಿದ್ದ ಬ್ಲೌಸಿನ ತೋಳಿನ ಅಂಚು ಒಂದು ಸುತ್ತು ಮುಗಿಯಿತು.

"ಅಂದ್ರೆ?" ಎಂದಳು.

"ಅಂದ್ರೆ ಇಂಗ್ಲಿಷ್ ತಪ್ಪಾಗಿದ್ದಕ್ಕೆ ಹಂಸಿನಿ ಕೂತಿಲ್ಲಮ್ಮ. ನಿಮ್ಮ ತಪ್ಪು ಏನೂ ಇಲ್ಲ."

ಕಾಲು ನಿಂತಿತು. ಅವಳು ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ ಎಂದು ನಾನು ಕಾದೆ.

"ಮತ್ತೆ ಯಾರ ತಪ್ಪು?"

"ಯಾರದ್ದೂ ಇಲ್ಲದಿರಬಹುದು."

"ಮತ್ತೆ ಹೋಗೋರು ಯಾತರಿಂದ ಹೋಗ್ತಾರೆ?"

"ಅದು ನನಗೆ ಗೊತ್ತಾಗಲಿಲ್ಲ."

"ಇನ್ನೂ ಹುಡುಕಿದ್ರೆ ಗೊತ್ತಾಗ್ತದಾ?"

"ಆಗ್ತದೆ ಅಂತ ಹೇಳಲಾರೆ. ಅಷ್ಟರಲ್ಲಿ ಹಂಸಿನಿಯ ಕತ್ತು..." ಎಂದು ನಿಲ್ಲಿಸಿದೆ.

ಅವಳು ಬ್ಲೌಸನ್ನು ಸೂಜಿಯ ಕೆಳಗಿನಿಂದ ಎಳೆದು, ನೂಲನ್ನು ಹಲ್ಲಿನಿಂದ ಕಡಿದು, ಮಡಿಲಲ್ಲಿ ಹರಡಿಕೊಂಡಳು. "ಸಾರ್, ತೋಳು ಬಿಗಿ ಆಯ್ತು ಅಂತ ವಾಪಸ್ ತಂದ್ರೆ ನಾನು ಬಿಚ್ಚಿ ಹೊಲಿದು ಕೊಡ್ತೀನಿ. ಎಷ್ಟು ಸಲ ತಂದ್ರೂ ಕೊಡ್ತೀನಿ. ಏನೂ ಹೇಳದೆ ಮುಖದ ಮೇಲೆ ಎಸೆದು ಹೋದ್ರೆ ನಾನೇನು ಮಾಡ್ಲಿ, ಹೇಳಿ? ತಪ್ಪು ನಂದು ಅಂತ ಇದ್ರೆ ನನ್ನ ಕೈಲಿ ಏನೋ ಇದೆ. ರಾತ್ರಿ ಕಲೀತೀನಿ, ತಿದ್ದುತೀನಿ, ಸಂಜೆ ಹೋಗಿ ಇಟ್ಟು ಬರ್ತೀನಿ. ನಂದಲ್ಲ ಅಂದ್ರೆ? ಅವಳ ಕತ್ತು ಬಾಗೋದನ್ನ ನೋಡ್ತಾ ನಾನೂ ಈ ಕಡೆ ಕೂತಿರಬೇಕಾ?"

"ನಿಮ್ಮ ಮನಸ್ಸಿಗೆ ಸ್ವಲ್ಪ ಸಮಾಧಾನ ಆಗಲಿ ಅಂತ..."

"ಗೊತ್ತು ಸಾರ್. ಒಳ್ಳೇದಕ್ಕೇ ಹೇಳಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಿಗೆ ಕೆಟ್ಟ ಬಟ್ಟೆಯನ್ನು ಪಕ್ಕಕ್ಕಿಡುವ ಹಾಗೆ ನನ್ನ ಮಾತನ್ನು ಪಕ್ಕಕ್ಕಿಟ್ಟಳು. "ಮೀಟಿಂಗಲ್ಲೂ ಹೇಳ್ತೀರಾ?"

"ಹೇಳಲೇಬೇಕಲ್ಲಮ್ಮ. ನೋಡಿ ಹೇಳಿ ಅಂತಲೇ ಅವರು ನನಗೆ ವಹಿಸಿದ್ದು."

"ಹೇಳಿ. ನೀವು ಹೇಳಿದ್ದು ಸುಳ್ಳು ಅಂತ ಯಾರೂ ಅನ್ನಲ್ಲ." ಮತ್ತೆ ತುಳಿಯತೊಡಗಿದಳು.

ನಾನು ಎದ್ದು ಬರುವಾಗ ಹಂಸಿನಿಯ ಪಾದದ ಕೆಳಗಿನ ಕಟ್ಟು ಸ್ವಲ್ಪ ಜರುಗಿತ್ತು. ಸುಗುಣ ಯಂತ್ರ ನಿಲ್ಲಿಸದೆಯೇ ಬಗ್ಗಿ ಒಂದು ಕೈಯಿಂದ ಅದನ್ನು ಸರಿಮಾಡಿದಳು.

ಸಭೆಗೆ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ವಾಚನಾಲಯದ ಬೆಂಚು ಸಾಲದೆ ಗಂಡಸರು ಕಪಾಟುಗಳಿಗೆ ಒರಗಿ ನಿಂತಿದ್ದರು. ಮನೆಯಲ್ಲಿ ಕೂತವರಿದ್ದ ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿದ್ದರು, ಸುಗುಣ ಗೋಡೆಯ ಬದಿಗೆ. ನಾನು ಎದ್ದು ನಿಂತು, ಪ್ರಯೋಗದ ವರದಿ ಓದುವ ಕ್ರಮದಲ್ಲೇ, ಏನು ಮಾಡಿದೆ, ಏನು ಕಂಡೆ ಎಂದು ಹೇಳಿದೆ. ಯಾರ ಮನೆಯ ಕಾಗದದಲ್ಲಿ ಎಷ್ಟು ತಪ್ಪಿತ್ತೆಂದು ಹೇಳಲಿಲ್ಲ. ನನ್ನ ಮನೆಯದರಲ್ಲಿ ಇತ್ತೆಂದು ಹೇಳಿದೆ. ಕಾಗದ ಒಪ್ಪಿಗೆಯಾಗುವುದಕ್ಕೂ ಇಂಗ್ಲಿಷ್ ಸರಿಯಿರುವುದಕ್ಕೂ ಸಂಬಂಧವಿಲ್ಲ, ಆದ್ದರಿಂದ ಯಾವ ಸಾಧನದಿಂದಲೂ ಕೂತವರು ಬೇಗ ಹೊರಡುತ್ತಾರೆಂದು ನನಗೆ ತೋರುವುದಿಲ್ಲ ಎಂದು ಮುಗಿಸಿದೆ.

ಯಾರಾದರೂ ಎದ್ದು ಜಗಳಕ್ಕೆ ಬರಲಿ ಎಂದು ಬಯಸಿದೆ. ಲೆಕ್ಕ ತಪ್ಪಿದ್ದೀರಿ, ನಮ್ಮ ಹಿರಿಯರಿಗೆ ಅವಮಾನ ಮಾಡಿದಿರಿ ಎಂದರೆ ಉತ್ತರ ಕೊಡಲು ನನ್ನ ಹತ್ತಿರ ಕಾಗದಪತ್ರಗಳಿದ್ದವು. ಹಿಂದಿನಿಂದ ಯಾರೋ ಕೆಮ್ಮಿದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಗುರುನಂಜಪ್ಪ ತನ್ನ ಬೆರಳಿನ ಉಂಗುರವನ್ನು ತಿರುಗಿಸುತ್ತ ನೆಲ ನೋಡುತ್ತಿದ್ದ. ಆಮೇಲೆ ತಲೆಯೆತ್ತಿ, ಬಹಳ ಮೃದುವಾಗಿ, ಮನೆಯಲ್ಲಿ ಕಾಯಿಲೆಯವರು ಮಲಗಿರುವಾಗ ಮಾತಾಡುವ ದನಿಯಲ್ಲಿ ಕೇಳಿದ.

"ಸರಿ ಸಾರ್. ಬಹಳ ಕಷ್ಟಪಟ್ಟಿದೀರಿ. ಅದೆಲ್ಲ ಇರಲಿ. ಈ ಮೂರರಲ್ಲಿ ಯಾವುದು ತಗೊಳ್ಳೋಣ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಗಿರಲಿಲ್ಲ ಎನ್ನಲಾರೆ. ನಾನು ಹೇಳಿದ್ದು ಪ್ರತಿಯೊಬ್ಬರಿಗೂ ಅರ್ಥವಾಗಿತ್ತು. ಅರ್ಥವಾದ ಮೇಲೂ ಸಂಜೆ ಮನೆಗೆ ಹೋಗಿ ಏನಾದರೊಂದು ಮಾಡಬೇಕಿತ್ತು ಅವರಿಗೆ. ಆ ಕೆಲಸಕ್ಕೆ ಒಂದು ಸಾಧನ ಕೇಳುತ್ತಿದ್ದರು, ಅಷ್ಟೇ.

"ಮೂರನೆಯದು," ಎಂದೆ. "ಉಳಿದೆರಡರಲ್ಲಿ ಒಂದು ತಪ್ಪನ್ನು ಬಚ್ಚಿಡುತ್ತೆ, ಇನ್ನೊಂದು ನಿಮ್ಮ ಮಾತನ್ನೇ ಬದಲಾಯಿಸುತ್ತೆ. ಇದು ಮಾತ್ರ ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೆ. ನಮ್ಮ ಹೆಸರುಗಳನ್ನ ಕಲಿಸಿದ್ರೆ ಕಲಿಯುತ್ತೆ. ಕಾಗದವನ್ನ ಇಟ್ಟುಕೊಳ್ಳೋದಿಲ್ಲ ಅಂತ ಬರೆದುಕೊಟ್ಟಿದ್ದಾರೆ."

"ಅತ್ತೆ!" ಎಂದು ಹಿಂದಿನಿಂದ ಒಬ್ಬರು ಹೇಳಿದರು. ಕೆಲವರು ನಕ್ಕರು. ಒಪ್ಪಿಗೆಯಿದ್ದವರು ಕೈಯೆತ್ತಿ ಎಂದ ಗುರುನಂಜಪ್ಪ. ಮೊದಲು ಎದ್ದ ಕೈ ಗೋಡೆಯ ಬದಿಯದು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ್ದ ಲೋಹದ ಟೋಪಿಯನ್ನು ತೆಗೆಯಲು ಸುಗುಣ ಮರೆತಿದ್ದಳು. ಆಮೇಲೆ ಎಲ್ಲ ಕೈಗಳೂ ಎದ್ದವು. ನಸೀಮಾ ನನ್ನ ಕಡೆ ನೋಡಿ ತಾನೂ ಎತ್ತಿದಳು.

ಸಾಧನ ಬಂದ ದಿನ ಗುರುನಂಜಪ್ಪ ಕಂಪ್ಯೂಟರಿಗೆ ಕುಂಕುಮ ಹಚ್ಚಿಸಿ, ತಾನೇ ನಿಂತು ಎಲ್ಲರಿಗೂ ಸೋಡಾ ಹಂಚಿದ. ಮೊದಲ ಸರದಿಯನ್ನು ಹೆಂಗಸರು ಸುಗುಣಳಿಗೆ ಬಿಟ್ಟುಕೊಟ್ಟರು. ಹಂಸಿನಿಯ ಗಲ್ಲದ ಕೆಳಗೆ ಈಗ ಬೆರಳು ತೂರುವುದಿಲ್ಲ, ಬಟ್ಟೆಯ ಅಂಚು ತೂರುತ್ತದೆ ಎಂದು ಅವರಿಗೆಲ್ಲ ಗೊತ್ತಿತ್ತು.

ಈಗ ಅವಳೇ ಟೈಪು ಮಾಡುತ್ತಿದ್ದಳು, ಒಂದೊಂದೇ ಅಕ್ಷರ ಹುಡುಕಿ. ಕಾಗದ ಮುಗಿಯಿತು. ನಸೀಮಾ ಗುಂಡಿ ಒತ್ತಿದಳು. ಪರದೆ ಸ್ವಲ್ಪ ಹೊತ್ತು ಯೋಚಿಸಿತು. ಕೆಂಪು ಎಲ್ಲೂ ಕಾಣಲಿಲ್ಲ. ಮೂಲೆಯಲ್ಲಿ ಒಂದು ಹಸಿರು ಗುರುತು ಬಂತು.

"ಅಕ್ಕಾ! ಒಂದೂ ಇಲ್ಲ!" ನಸೀಮಾ ಚಪ್ಪಾಳೆ ತಟ್ಟಿದಳು. ಹಿಂದೆ ನಿಂತ ಹೆಂಗಸರೂ ತಟ್ಟಿದರು.

ಸುಗುಣಳ ಮುಖ ಬಿಳಚಿಕೊಂಡಿತು. "ಇನ್ನೊಂದ್ಸಲ ನೋಡಕ್ಕೆ ಹೇಳು."

ನೋಡಿತು. ಅದೇ ಹಸಿರು ಗುರುತು.

"ಸಾರ್," ಎಂದು ನನ್ನ ಕಡೆ ತಿರುಗಿದಳು. ಬೇರೆಯವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಇದೇ ಕಾಗದ ನಿನ್ನೆ ಇಟ್ಟಿದ್ದೆ. ಹಿಂಗೇ ಇತ್ತು, ಒಂದಕ್ಷರ ಬದಲಿಲ್ಲ. ವಾಪಸ್ ಬಂದಿದೆ."

ಅವಳ ಕೈಗಳು ಕೀಲಿಗಳ ಮೇಲೆ ನಿಂತೇ ಇದ್ದವು. ಆಮೇಲೆ, ಕಾಗದದ ಕೊನೆಗೆ ಹೋಗಿ, ಇನ್ನೊಂದು ಸಾಲು ಬರೆಯತೊಡಗಿದಳು. ಮಗಳು ದೋಸೆಯ ಗರಿಗರಿ ಅಂಚನ್ನು ಮಾತ್ರ ತಿಂದು ನಡುವನ್ನು ಬಿಡುತ್ತಿದ್ದಳು ಎಂದು ಬರೆದಳು. ಗೆರೆ ಬರಲಿಲ್ಲ. ಮಗಳು ಯಂತ್ರದ ಸದ್ದಿಲ್ಲದೆ ನಿದ್ದೆ ಮಾಡುತ್ತಿರಲಿಲ್ಲ ಎಂದು ಬರೆದಳು. ಬರಲಿಲ್ಲ. ಅವಳು ಚೆನ್ನಾಗಿ ಕಲಿತುಬಿಟ್ಟಿದ್ದಳು. ಮಗಳು ಗುಂಡಿಗಳ ಡಬ್ಬಿಯಲ್ಲಿನ ಒಂದು ಬಿಳಿ ಗುಂಡಿಗೆ ಹೆಸರಿಟ್ಟು ಅದಕ್ಕೆ ಊಟ ಮಾಡಿಸುತ್ತಿದ್ದಳು ಎಂದು ಬರೆದಳು, ಜ್ವರದಲ್ಲಿ ಅವಳು ಆ ಗುಂಡಿಯನ್ನು ಕೇಳಿದಾಗ ತಾನು ಆಮೇಲೆ ಕೊಡುತ್ತೇನೆ ಎಂದಿದ್ದಾಗಿ ಬರೆದಳು. ಹಿಂದಿನ ಹೆಂಗಸರು ಚಪ್ಪಾಳೆ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಯಾರೂ ಸರದಿ ಕೇಳಲಿಲ್ಲ. ಪುಟ ಮುಗಿದು ಎರಡನೆಯದು ಶುರುವಾಯಿತು. ಒಂದು ಪುಟ ಮೀರಬಾರದೆಂದು ನಿಯಮ, ಅದನ್ನೂ ಯಾರೂ ಎತ್ತಲಿಲ್ಲ.

ಕೊನೆಗೊಂದು ಉದ್ದ ಸಾಲಿನ ನಡುವೆ, ಬೆರಳು ಅವಸರಪಟ್ಟಲ್ಲಿ, ಕೆಂಪು ಗೆರೆ ಬಿತ್ತು.

ಸುಗುಣಳ ಹೆಗಲು ಇಳಿಯಿತು. "ಇಲ್ಲಿದೆ ಸಾರ್," ಎಂದಳು, ಪರದೆಯ ಮೇಲೆ ಬೆರಳಿಟ್ಟು. ಅವಳು ನಗುವುದನ್ನು ನಾನು ಅಂದೇ ನೋಡಿದ್ದು. "ನಾನು ಹೇಳಲಿಲ್ವಾ, ಎಲ್ಲೋ ಉಳಿದಿದೆ ಅಂತ? ಇಲ್ಲಿತ್ತು ನೋಡಿ!"

ಆ ಸಾಲು ವಾಪಸು ಬಂದ ಕಾಗದದಲ್ಲಿ ಇರಲೇ ಇಲ್ಲ, ಈಗಷ್ಟೇ ಬರೆದದ್ದು ಎಂದು ನಾನು ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಕನ್ನಡಕ ಹಾಕಿಕೊಂಡು, ಬದಿಯಲ್ಲಿ ಬಂದಿದ್ದ ಕಾರಣವನ್ನು ಅವಳಿಗೆ ನಿಧಾನವಾಗಿ ಓದಿ ಹೇಳಿದೆ.